ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗ್ತಿದ್ದೀರಾ? ಒದ್ದೆ ಬಂಡೆ ಮೇಲೆ ಫೋಟೋ ಬೇಡ

ಹಾಸನ: ಬೇಸಿಗೆ ರಜೆ ಬಂತು ಅಂದ್ರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಯಿಂದ ಶಿರಾಡಿ ಘಾಟಿ ಇಳಿದು ಮಲ್ಪೆಗೆ ಹೋಗುವವರು ಬಹಳ. ಅಲ್ಲಿಂದ ದೋಣಿ ಹತ್ತಿದರೆ ಸೇಂಟ್ ಮೇರೀಸ್ ದ್ವೀಪ. ಆದರೆ ಅಲ್ಲಿ ಚೆಂದದ ಫೋಟೋ ಸಿಗುವ ಬಂಡೆಯೇ ಅಪಾಯದ ಜಾಗವೂ ಹೌದು. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈ ದ್ವೀಪದಲ್ಲೇ ಸಮುದ್ರಪಾಲಾದರು.

ಅಲ್ಲಿ ಏನು ತೆಗೆಯಬಹುದು?
ಜೋಡಿಸಿಟ್ಟಂತೆ ನಿಂತ ಕಲ್ಲಿನ ಕಂಬಗಳೇ ಮುಖ್ಯ. ಕೋಟ್ಯಂತರ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಹರಿದ ಲಾವಾ ತಣಿದು ಆದ ಕಂಬಗಳಿವು. ಒಣಗಿದ ಕೆರೆ ಅಂಗಳ ಬಿರುಕು ಬಿಡುವ ಹಾಗೆ ಲಾವಾ ಕುಗ್ಗಿ ಬಿರುಕು ಬಿಟ್ಟಿದ್ದಕ್ಕೆ ಇವಕ್ಕೆ ಐದಾರು ಮೂಲೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಜೊತೆಗೆ ತೆಂಗಿನ ಮರ, ಚಿಪ್ಪು ತುಂಬಿದ ದಂಡೆ, ಏಡಿ, ಹಕ್ಕಿಗಳೂ ಉಂಟು.

ಯಾವ ಹೊತ್ತು ಒಳ್ಳೆಯದು?
ಬೆಳಿಗ್ಗೆಯ ಮೊದಲ ದೋಣಿ, ಇಲ್ಲವೇ ಮಧ್ಯಾಹ್ನ ಮೂರೂವರೆ ನಂತರ. ಬಿಸಿಲು ಓರೆಯಾಗಿ ಬಿದ್ದಾಗ ಕಂಬಗಳ ಅಂಚು ಎದ್ದು ಕಾಣುತ್ತೆ. ನಡು ಮಧ್ಯಾಹ್ನ ಎಲ್ಲಾ ಬೆಳ್ಳಗೆ ಬರುತ್ತೆ. ಆಗ ಮೊಬೈಲ್ ಪರದೆಯಲ್ಲಿ ಬೆಳಕಿರುವ ಕಡೆ ಮುಟ್ಟಿ ಬ್ರೈಟ್‌ನೆಸ್ ಸ್ವಲ್ಪ ಇಳಿಸಿ. ಸೂರ್ಯ ಮುಳುಗೋದನ್ನ ಮಲ್ಪೆ ದಂಡೆಯಿಂದಲೇ ತೆಗೆಯಿರಿ. ಅದಕ್ಕೆ ಮುಂಚೆಯೇ ದ್ವೀಪದಿಂದ ಕೊನೆಯ ದೋಣಿ ಹೊರಡುತ್ತೆ. ಇಳಿಯುವಾಗಲೇ ಸಮಯ ಕೇಳಿಕೊಳ್ಳಿ.

ಬಂಡೆ ಯಾಕೆ ಅಪಾಯ?
ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್ ಬಳಿ ಬೇಸಿಗೆಯಲ್ಲಿ ನೀರು ಹಿಂದೆ ಸರಿದಿರುತ್ತೆ. ಸಮುದ್ರ ಹಾಗಲ್ಲ. ಹತ್ತು ನಿಮಿಷ ಸುಮ್ಮನಿದ್ದು ಒಮ್ಮೆಲೇ ದೊಡ್ಡ ಅಲೆ ಬರಬಹುದು. ಒದ್ದೆಯಾಗಿ ಕಪ್ಪಗಿರುವ ಬಂಡೆ ಅಂದ್ರೆ ಅಲೆ ಅಲ್ಲಿವರೆಗೂ ಬಂದು ಹೋಗಿದೆ ಅಂತಲೇ ಅರ್ಥ. ಅದರ ಮೇಲೆ ಪಾಚಿ ಇರುತ್ತೆ, ಕಾಲು ನಿಲ್ಲಲ್ಲ. ಉಬ್ಬರದ ಹೊತ್ತಲ್ಲಿ ಒಣ ಬಂಡೆಗೂ ನೀರು ಏರುತ್ತೆ. ಹಾಗಾಗಿ ಒಣ ಬಂಡೆ ಮೇಲೂ ಅಂಚಿನಿಂದ ದೂರ ನಿಂತು, ಅಲೆ ಕಡೆ ಮುಖ ಮಾಡಿ ತೆಗೆಯಿರಿ. ಹಿಂದಕ್ಕೆ ಹೆಜ್ಜೆ ಇಡಬೇಡಿ. ಸಿಬ್ಬಂದಿ ಶಿಳ್ಳೆ ಹಾಕಿದರೆ ವಾಪಸ್ ಬನ್ನಿ.

ಮೊಬೈಲ್ ಜೋಪಾನ
ಉಪ್ಪುಗಾಳಿಗೆ ಲೆನ್ಸ್ ಮಂಜಾಗುತ್ತೆ, ಆಗಾಗ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ. ಮೊಬೈಲ್ ಬಿಸಿಲಲ್ಲಿ ಕಾದು ತಾನೇ ಆಫ್ ಆದರೆ ನೆರಳಲ್ಲಿಡಿ, ತಣ್ಣೀರು ಹಾಕಬೇಡಿ.

ಮಳೆಗಾಲ ಶುರುವಾದರೆ ದ್ವೀಪಕ್ಕೆ ದೋಣಿ ಬಂದ್. ಹೋಗೋದಿದ್ದರೆ ಅದಕ್ಕೆ ಮುಂಚೆಯೇ ಹೋಗಿಬನ್ನಿ.