ಜೋಳದ ಪಾಳಿಯೂ ಯುದ್ಧಕಾವ್ಯವೂ

ಮಹಾಕಾವ್ಯಕ್ಕೆ ಲಾಕ್ಷಣಿಕರು ವಿಧಿಸಿದ ಅಷ್ಟಾದಶ ವರ್ಣನೆಗಳಲ್ಲಿ ಯುದ್ಧವೂ ಒಂದು. ಆದುದರಿಂದ ಪಂಪ ರನ್ನರ ಯುದ್ಧಪ್ರಸಂಗಗಳನ್ನು ತರಗತಿಯಲ್ಲಿ ಓದುವಾಗ ಅಲ್ಲಿಯ ರಸ, ಅಲಂಕಾರ, ಛಂದಸ್ಸುಗಳನ್ನು ಗುರುತಿಸಿ ಮುಂದೆ ಸಾಗುವುದು ವಾಡಿಕೆಯಾಗಿದೆ. ಇದು ಅವಶ್ಯವಾದ ಕೆಲಸವೇ ಸರಿ. ಆದರೆ ಅಷ್ಟಕ್ಕೇ ನಿಂತರೆ ಕಾವ್ಯದಲ್ಲಿ ಮಡಿಯುವವರು ಯಾರಿಗಾಗಿ, ಯಾವ ಋಣಕ್ಕಾಗಿ ಮಡಿದರು, ಆ ಸಾವನ್ನು ಅಂದಿನ ಸಭೆ ಯಾವ ಭಾವದಿಂದ ಕೇಳುತ್ತಿತ್ತು ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಸಾವಿನ ಹೊಗಳಿಕೆಯನ್ನು ಕಿರಿಯರಿಗೆ ಪಾಠವಾಗಿ ಹೇಳುವ ಅಧ್ಯಾಪಕನು ಈ ಪ್ರಶ್ನೆಗಳನ್ನು ಬದಿಗಿಡಲಾರನು. ಹತ್ತನೆಯ ಶತಮಾನದ ಕನ್ನಡ ಯುದ್ಧಕಾವ್ಯವನ್ನು ಅದರ ಕಾಲದೇಶಗಳಲ್ಲಿ ನಿಲ್ಲಿಸಿ ನೋಡಿದರೆ ಏನು ದೊರೆಯುವುದೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಕವಿಯನ್ನೂ ಒಡೆಯನನ್ನೂ ನೋಡೋಣ. ಕ್ರಿ.ಶ. ೯೪೧ರ ವೇಳೆಗೆ ರಚಿತವಾದ ‘ವಿಕ್ರಮಾರ್ಜುನವಿಜಯ’ದ ಆಶ್ರಯದಾತನು ವೇಮುಲವಾಡದ ಚಾಲುಕ್ಯ ದೊರೆ ಇಮ್ಮಡಿ ಅರಿಕೇಸರಿ. ಅವನು ರಾಷ್ಟ್ರಕೂಟರ ಸಾಮಂತ. ಪಂಪನು ಅವನನ್ನು ಅರ್ಜುನನೊಡನೆ ಅಭೇದವಾಗಿ ಕೂಡಿಸಿ ಕಥೆಯನ್ನು ನಡೆಸುತ್ತಾನೆ. ದ್ರೌಪದಿಯು ಅರ್ಜುನನೊಬ್ಬನ ಪತ್ನಿಯಾಗುವುದು, ಕಡೆಯಲ್ಲಿ ಸುಭದ್ರೆಯೊಡನೆ ಅರ್ಜುನನಿಗೇ ಪಟ್ಟವಾಗುವುದು ಮೊದಲಾದ ಮಾರ್ಪಾಡುಗಳಿಗೆ ಇದೇ ಕಾರಣ. ಕಾವ್ಯಕ್ಕಾಗಿ ಕವಿಗೆ ಧರ್ಮಪುರವೆಂಬ ಅಗ್ರಹಾರವು ದತ್ತಿಯಾಗಿ ದೊರೆಯಿತು. ಪಂಪನು ಕವಿಯಷ್ಟೇ ಅಲ್ಲ, ಕಲಿಯೂ ಹೌದು. ಒಡೆಯನ ಅನ್ನವನ್ನುಂಡು ಕತ್ತಿ ಹಿಡಿಯುವವರ ಬಾಳು ಅವನಿಗೆ ಕೇಳಿ ತಿಳಿದ ವಿಷಯವಾಗಿರಲಿಲ್ಲ.

ಆ ಬಾಳಿನ ನಿಯಮವನ್ನು ಕನ್ನಡವು ಎರಡು ಮಾತುಗಳಲ್ಲಿ ಉಳಿಸಿಕೊಂಡಿದೆ. ಒಂದು ‘ಜೋಳದ ಪಾಳಿ’: ಉಂಡ ಜೋಳಕ್ಕೆ ಪ್ರತಿಯಾಗಿ ಆಳು ಸಲ್ಲಿಸಬೇಕಾದ ಕರ್ತವ್ಯ. ಇನ್ನೊಂದು ‘ವೇಳೆವಾಳಿ’: ಹೊತ್ತು ಬಂದಾಗ ಒಡೆಯನಿಗಾಗಿ ಪ್ರಾಣವನ್ನು ಒಪ್ಪಿಸುವೆನೆಂಬ ಪ್ರತಿಜ್ಞೆ. ಇವು ಬರಿಯ ಕವಿಸಮಯಗಳಲ್ಲ. ನಾಡಿನ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳು ಇದಕ್ಕೆ ಸಾಕ್ಷಿ. ತುರುಗೊಳ್, ಪೆಣ್ಬುಯ್ಯಲ್, ಊರಳಿವು, ಗಡಿಕಾಳಗ ಮುಂತಾದ ಸಂದರ್ಭಗಳಲ್ಲಿ ಬಿದ್ದವರ ನೆನಪಿಗೆ ನೆಟ್ಟ ಕಲ್ಲುಗಳಿವು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ, ಹೀಗೆ ಶಿಲ್ಪದ ಕ್ರಮವಿರುತ್ತದೆ. ಮಡಿದವನ ಮನೆಯವರಿಗೆ ಭೂಮಿಯನ್ನು ಬಿಡುವುದೂ ಉಂಟು. ಅಂಥ ದತ್ತಿಗೆ ‘ನೆತ್ತರುಕೊಡಗೆ’ ಎಂಬ ಹೆಸರೇ ಇದೆ. ಯುದ್ಧಕಾವ್ಯವು ಹೊಗಳುವ ಸ್ವರ್ಗಕ್ಕೂ ಊರಿನ ಹೊಲಕ್ಕೂ ಸಂಬಂಧವಿತ್ತೆಂಬುದು ಈ ಒಂದು ಪದದಿಂದಲೇ ವ್ಯಕ್ತಪಡುತ್ತದೆ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಶಾಸನವು ಈ ವ್ಯವಸ್ಥೆಯನ್ನು ಮೇಲಿನಿಂದ ಕೆಳಗಿನವರೆಗೆ ತೋರಿಸುತ್ತದೆ. ಅದರ ಕಾಲ ಕ್ರಿ.ಶ. ೯೪೯-೫೦, ಪಂಪಭಾರತಕ್ಕಿಂತ ಒಂದು ದಶಕದಷ್ಟು ಈಚಿನದು. ತಕ್ಕೋಲದ ಕಾಳಗದಲ್ಲಿ ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಅದಕ್ಕೆ ಮೆಚ್ಚಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ಅವನಿಗೆ ಬನವಾಸಿ ಪನ್ನಿರ್ಛಾಸಿರ, ಬೆಳ್ವೊಲ ಮುನ್ನೂರು ಮೊದಲಾದ ನಾಡುಗಳನ್ನು ಕೊಟ್ಟನು. ಬೂತುಗನ ಆಳು ಮಣಲೇರನು ಅದೇ ಯುದ್ಧದಲ್ಲಿ ಮೆರೆದು ಒಡೆಯನ ಬಳಿ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿಯು ಹಂದಿಯೊಂದರೊಡನೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಪೂಜೆಗೆ ಭೂಮಿಯನ್ನು ಬಿಡಲಾಯಿತು. ಸಾರ್ವಭೌಮನಿಂದ ಸಾಮಂತನಿಗೆ ನಾಡು, ಸಾಮಂತನಿಂದ ಆಳಿಗೆ ಊರು ಮತ್ತು ನಾಯಿ, ಆಳಿನಿಂದ ನಾಯಿಗೆ ವೀರಗಲ್ಲು. ನಿಷ್ಠೆಯು ಮೇಲೇರಿದಂತೆ ಕೊಡುಗೆಯು ಕೆಳಗಿಳಿಯುವ ಈ ಸರಣಿಯನ್ನು ಕಂಡವನಿಗೆ ಜೋಳದ ಪಾಳಿಯೆಂಬುದು ಅಲಂಕಾರದ ಮಾತಾಗಿ ತೋರದು.

ಈ ಬೆಳಕಿನಲ್ಲಿ ಪಂಪನ ಕರ್ಣನನ್ನು ಮತ್ತೆ ಓದಬೇಕು. ಅವನಿಗೆ ಕೃಷ್ಣನು ಹುಟ್ಟಿನ ಗುಟ್ಟನ್ನು ತಿಳಿಸಿ ರಾಜ್ಯವನ್ನು ತೋರುತ್ತಾನೆ. ಕುಂತಿಯು ತಾಯ್ತನದ ಹೆಸರಿನಲ್ಲಿ ಬೇಡುತ್ತಾಳೆ. ಇಬ್ಬರಿಗೂ ಅವನು ಮಣಿಯುವುದಿಲ್ಲ. ಇಂದಿನ ಓದುಗನು ಇದನ್ನು ವ್ಯಕ್ತಿಯೊಬ್ಬನ ಮಾನಸಿಕ ದುರಂತವೆಂದು ಮಾತ್ರ ತಿಳಿಯಬಹುದು. ಅಂದಿನ ಸಭೆಯಲ್ಲಿ ಕುಳಿತಿದ್ದವರಾದರೋ ತಾವೇ ಒಬ್ಬರ ಜೋಳವನ್ನುಂಡವರು. ಕರ್ಣನ ಮುಂದಿದ್ದ ಪ್ರಶ್ನೆ ನಾಳೆ ಅವರ ಮುಂದೆಯೂ ಬರಬಹುದಾಗಿತ್ತು. ಪಂಪನ ಒಡೆಯನಿಗೇ ಅದು ಬಂದಿತ್ತು. ತನ್ನ ಮೊರೆಹೊಕ್ಕ ವಿಜಯಾದಿತ್ಯನನ್ನು ಸಾರ್ವಭೌಮ ಗೋವಿಂದನಿಗೆ ಒಪ್ಪಿಸದೆ, ಆ ಸಾರ್ವಭೌಮನನ್ನೇ ಇಳಿಸಿ ಬದ್ದೆಗನಿಗೆ ಪಟ್ಟ ದೊರಕಿಸಿದ ಸಾಮಂತನೆಂದು ಕವಿಯು ಅರಿಕೇಸರಿಯನ್ನು ಹೊಗಳುತ್ತಾನೆ. ಒಡೆಯನಿಗೆ ಇದಿರಾಗಿ ನಿಂತವನ ಆಶ್ರಯದಲ್ಲಿ, ಒಡೆಯನನ್ನು ಬಿಡಲೊಲ್ಲದ ಕರ್ಣನ ಹಿರಿಮೆಯು ಹಾಡಲ್ಪಟ್ಟಿತು. ಯಾವ ಗುಣವು ಎಲ್ಲಕ್ಕಿಂತ ಹೆಚ್ಚಾಗಿ ಹೊಗಳಿಸಿಕೊಂಡಿತೋ ಅದೇ ಆ ಕಾಲದಲ್ಲಿ ಎಲ್ಲಕ್ಕಿಂತ ಸುಲಭವಾಗಿ ಮುರಿಯುತ್ತಿದ್ದಿತೆಂದು ಊಹಿಸಲು ಇಲ್ಲಿ ಎಡೆಯಿದೆ. ಹೊಗಳಿಕೆಯ ಹಿಂದೆ ಕಳವಳವೂ ಇರಬಲ್ಲುದು.

ರನ್ನನ ‘ಗದಾಯುದ್ಧ’ದ ಸ್ಥಿತಿಯೂ ಇದಕ್ಕೆ ಸಮೀಪವಾದುದೇ. ಅವನು ಹುಟ್ಟಿದುದು ಕ್ರಿ.ಶ. ೯೪೯ರಲ್ಲಿ; ಬಳೆಗಾರರ ಕುಲದವನು. ಅವನು ಬೆಳೆಯುವಷ್ಟರಲ್ಲಿ ರಾಷ್ಟ್ರಕೂಟರ ಆಳ್ವಿಕೆಯು ಅಳಿದು ೯೭೩ರಲ್ಲಿ ಚಾಲುಕ್ಯ ತೈಲಪನು ತಲೆಯೆತ್ತಿದ್ದನು. ತೈಲಪನ ಮಗ ಸತ್ಯಾಶ್ರಯನೇ ಕಾವ್ಯದ ಭೀಮ. ಆದರೂ ಹೆಣಗಳ ನಡುವೆ ನಡೆದುಹೋಗುತ್ತ ದ್ರೋಣ, ದುಶ್ಶಾಸನ, ಕರ್ಣರಿಗಾಗಿ ಮರುಗುವ, ಶತ್ರುವಾದ ಅಭಿಮನ್ಯುವಿನ ಶೌರ್ಯಕ್ಕೂ ತಲೆಬಾಗುವ ದುರ್ಯೋಧನನ ಮೇಲೆ ಕವಿಯ ಮರುಕವು ಹರಿಯುತ್ತದೆ. ಗೆದ್ದವನಿಗೆ ಕಾವ್ಯವನ್ನು ಅರ್ಪಿಸಿ ಸೋತವನಿಗೆ ಕಣ್ಣೀರನ್ನು ಕೊಡುವ ಈ ರೀತಿಯು ಇಬ್ಬರು ಕವಿಗಳಲ್ಲಿಯೂ ಕಂಡುಬರುವುದು ಆಕಸ್ಮಿಕವೆಂದು ತೋರುವುದಿಲ್ಲ. ಪಕ್ಷ ಬೇರೆಯಾದರೂ ಧರ್ಮ ಒಂದೇ ಎಂದು ನಂಬಿದ ಯೋಧಸಮಾಜದಲ್ಲಿ ಹಗೆಯ ಸಾವೂ ಗೌರವಕ್ಕೆ ಅರ್ಹವಾಗಿತ್ತು.

ಇಷ್ಟು ಹೇಳಿದ ಮೇಲೆ ಎರಡು ಎಚ್ಚರಿಕೆಗಳನ್ನು ನೀಡುವುದು ಅಗತ್ಯ. ಮೊದಲನೆಯದಾಗಿ, ಶಾಸನವು ನಿಜ, ಕಾವ್ಯವು ಕಲ್ಪನೆ ಎಂಬ ಸರಳ ವಿಭಾಗವು ಸಲ್ಲದು. ತಕ್ಕೋಲದ ಒಂದೇ ಸಾವನ್ನು ಆತಕೂರು ಶಾಸನವು ಬೂತುಗನ ಸಾಹಸವಾಗಿ ಹೇಳಿದರೆ, ಚೋಳರ ದಾಖಲೆಗಳು ಆನೆಯ ಮೇಲೆಯೇ ಮಡಿದ ದೊರೆಯೆಂದು ರಾಜಾದಿತ್ಯನನ್ನು ಗೌರವದಿಂದ ನೆನೆಯುತ್ತವೆ. ಕಲ್ಲಿಗೂ ಪಕ್ಷವುಂಟು. ಕಲ್ಲನ್ನು ನಿಲ್ಲಿಸಲು ಯಾರೂ ಇಲ್ಲದೆ ಸತ್ತವರು, ಉಳಿದ ಹೆಂಡಿರು ಮಕ್ಕಳು, ತುಳಿದುಹೋದ ಹೊಲದ ಒಕ್ಕಲಿಗರು, ಇವರ ಮಾತು ಕಾವ್ಯದಲ್ಲಿಯೂ ಶಾಸನದಲ್ಲಿಯೂ ವಿರಳ. ಆ ಮೌನವನ್ನು ಗಮನಿಸುವುದೂ ಅಧ್ಯಯನದ ಒಂದು ಅಂಗ.

ಎರಡನೆಯದಾಗಿ, ಸಂದರ್ಭವು ಕಾವ್ಯವನ್ನು ವಿವರಿಸುತ್ತದೆಯೇ ಹೊರತು ಅದನ್ನು ಮುಗಿಸಿಬಿಡುವುದಿಲ್ಲ. ಜೋಳದ ಪಾಳಿಯನ್ನು ತಿಳಿದವನಿಗೆ ಕರ್ಣನು ಏಕೆ ಉಳಿದನೆಂಬುದು ಅರ್ಥವಾಗುತ್ತದೆ. ಆದರೆ ಅದೇ ಧರ್ಮವನ್ನು ಪಾಲಿಸಿದ ಅಸಂಖ್ಯ ಆಳುಗಳಲ್ಲಿ ಕರ್ಣನೊಬ್ಬನು ಸಾವಿರ ವರ್ಷಗಳಾಚೆಗೂ ನಮ್ಮನ್ನು ಏಕೆ ಕಲಕುತ್ತಾನೆಂಬುದಕ್ಕೆ ಉತ್ತರವನ್ನು ಪಂಪನ ಮಾತಿನಲ್ಲಿಯೇ ಹುಡುಕಬೇಕು. ಕುಲವನ್ನು ಹಿಡಿದು ಹಳಿದವರಿಗೆ ಛಲವೂ ಗುಣವೂ ಕುಲವೆಂದು ಅವನು ಕೊಡುವ ಉತ್ತರದಲ್ಲಿ, ಅವನನ್ನು ಬೆಳೆಸಿದ ವ್ಯವಸ್ಥೆಯನ್ನೇ ಪ್ರಶ್ನಿಸುವ ದನಿಯೂ ಸೇರಿದೆ.

ಆದ್ದರಿಂದ ಯುದ್ಧಪ್ರಸಂಗವೊಂದನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಯು ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟುಕೊಳ್ಳಬಹುದು. ಇದನ್ನು ಯಾರು, ಯಾರ ಮುಂದೆ ಹೇಳಿದರು? ಇಲ್ಲಿ ಸಾಯುವವನಿಗೆ ಯಾವ ಋಣವಿತ್ತು? ಅದೇ ಕಾಲದ ಕಲ್ಲೂ ತಾಮ್ರಪಟವೂ ಏನು ಹೇಳುತ್ತವೆ, ಏನನ್ನು ಬಿಡುತ್ತವೆ? ಇಷ್ಟೆಲ್ಲ ತಿಳಿದ ಮೇಲೆಯೂ ಕಾವ್ಯದಲ್ಲಿ ಉಳಿಯುವುದೇನು? ನಾಲ್ಕನೆಯ ಪ್ರಶ್ನೆಯೇ ಸಾಹಿತ್ಯದ ಪ್ರಶ್ನೆ. ಆದರೆ ಮೊದಲ ಮೂರನ್ನು ದಾಟದೆ ಅದನ್ನು ಮುಟ್ಟುವುದು ಕಷ್ಟ. ಊರ ಹೊರಗೆ ಹುಲ್ಲಿನ ನಡುವೆ ವಾಲಿ ನಿಂತ ವೀರಗಲ್ಲನ್ನು ಒಮ್ಮೆ ನಿಂತು ನೋಡಿ ಬಂದವನು ಪಂಪ ರನ್ನರ ಪದ್ಯವನ್ನು ಓದುವ ದನಿಯೇ ಬೇರೆಯಾಗುವುದು.