ಹಿತ್ತಲಿನ ಸೌದೆ ಬಾಯ್ಲರ್: ಆವಿ ಕೊಳವೆಯ ಬಾಯಿ ತೆರೆದಿರಲಿ

ಅಡುಗೆಮನೆಗೆ ಅನಿಲ ಸಿಲಿಂಡರ್ ಬಂದು ಬಹುಕಾಲವಾಯಿತು. ಆದರೂ ತುಮಕೂರು ಜಿಲ್ಲೆಯ ಅನೇಕ ಮನೆಗಳಲ್ಲಿ ಸ್ನಾನದ ನೀರು ಸೌದೆಯಿಂದಲೇ ಕಾಯುತ್ತದೆ. ತೆಂಗಿನ ತೋಟವಿದ್ದವರಿಗೆ ಗರಿ, ಮಟ್ಟೆ, ಕರಟಗಳಿಗೆ ಹಣ ತೆರಬೇಕಾದ ಪ್ರಮೇಯವಿಲ್ಲ. ಬದಲಾಗಿರುವುದು ಪಾತ್ರೆ ಮಾತ್ರ. ಬಚ್ಚಲಿನ ಹಂಡೆಯ ಸ್ಥಾನದಲ್ಲಿ ಈಗ ಹಿತ್ತಲಲ್ಲಿ ನಿಲ್ಲುವ ಬಾಯ್ಲರ್ ಬಂದಿದೆ. ಅಲ್ಲಿಂದ ಕೊಳವೆಯ ಮೂಲಕ ಬಿಸಿನೀರು ಒಳಗೆ ಹರಿಯುತ್ತದೆ. ಹೊಗೆಯೂ ಅದರೊಡನೆ ಬರುವ ವಿಷಾನಿಲವೂ ಮನೆಯ ಹೊರಗೇ ಉಳಿಯುವುದು ಇದರ ದೊಡ್ಡ ಅನುಕೂಲ. ತುಮಕೂರಿನ ಶಿರಾ ಗೇಟ್ ಇರಲಿ, ಗುಬ್ಬಿ, ಕುಣಿಗಲ್ ಪೇಟೆಗಳಿರಲಿ, ಬೆಸುಗೆ ಕೆಲಸ ಬಲ್ಲ ಸಣ್ಣ ಶೆಡ್ಡಿನವರು ತಯಾರಿಸಬಹುದಾದ ಸರಕು ಇದು. ಅಷ್ಟು ಸುಲಭವಾಗಿರುವುದರಿಂದಲೇ ಕೆಲವು ಎಚ್ಚರಿಕೆಗಳು ಅಗತ್ಯ.

ಮೊದಲನೆಯದು ಕಾನೂನಿಗೂ ಪ್ರಾಣಕ್ಕೂ ಸಂಬಂಧಿಸಿದ್ದು. 1923ರ ಬಾಯ್ಲರ್ ಕಾಯ್ದೆಯ ಸ್ಥಾನದಲ್ಲಿ ಈಗ 2025ರ ಕಾಯ್ದೆ ಜಾರಿಯಲ್ಲಿದೆ. ಒತ್ತಡದಲ್ಲಿ ಆವಿ ಉತ್ಪಾದಿಸುವ ಪಾತ್ರೆಗಳು ಅದರ ವ್ಯಾಪ್ತಿಗೆ ಬರುತ್ತವೆ. 25 ಲೀಟರಿಗಿಂತ ಕಡಿಮೆ ಹಿಡಿಯುವ ಪಾತ್ರೆಗೂ, ನೀರನ್ನು 100 ಡಿಗ್ರಿಗಿಂತ ಕೆಳಗೆ ಮಾತ್ರ ಕಾಯಿಸುವ ಪಾತ್ರೆಗೂ ವಿನಾಯಿತಿ ಉಂಟು. ಮನೆಯ ಬಾಯ್ಲರ್ ಈ ವಿನಾಯಿತಿಯಲ್ಲಿ ಉಳಿಯುವುದು ಅದರ ನೆತ್ತಿಯ ಮೇಲಿನ ಆವಿ ಕೊಳವೆಯ ದೆಸೆಯಿಂದ. ಈ ಕೊಳವೆ ಮೇಲಿನ ತೊಟ್ಟಿಯ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಹೋಗಿ ಬಾಯಿ ತೆರೆದು ನಿಂತಿರಬೇಕು. ಅದಕ್ಕೆ ವಾಲ್ವ್ ಕೂಡದು, ಬಿರಡೆಯೂ ಕೂಡದು.

ನೀರು ಹನಿಯುತ್ತದೆ, ಆವಿ ಪೋಲಾಗುತ್ತದೆ ಎಂದು ಈ ಬಾಯಿಯನ್ನು ಮುಚ್ಚಿಬಿಟ್ಟರೆ ಏನಾಗುತ್ತದೆ ಎಂಬುದನ್ನು ಗ್ರಾಹಕರಿಗೆ ಬಿಡಿಸಿ ಹೇಳಬೇಕಾದವರು ಮಾರುವವರೇ. ಒಂದು ಲೀಟರ್ ನೀರು ಆವಿಯಾದರೆ 1,600 ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ವಿದ್ಯುತ್ ಗೀಸರಿನಲ್ಲಿ ಶಾಖ ಮಿತಿ ಮೀರಿದರೆ ಥರ್ಮೋಸ್ಟಾಟ್ ವಿದ್ಯುತ್ತನ್ನು ಕಡಿಯುತ್ತದೆ. ಉರಿಯುವ ಕೊರಡಿಗೆ ಅಂತಹ ಸ್ವಿಚ್ ಇಲ್ಲ. ಆವಿ ಕೊಳವೆ ಮುಚ್ಚಿ, ತಣ್ಣೀರು ಬರುವ ದಾರಿಯಲ್ಲಿ ಏಕಮುಖ ವಾಲ್ವನ್ನೂ ಕೂಡಿಸಿದರೆ ಒತ್ತಡಕ್ಕೆ ಹೊರದಾರಿಯೇ ಉಳಿಯದು. ಸ್ನಾನದ ನೀರಿನ ಪಾತ್ರೆ ಆಗ ಬಾಂಬಾಗುತ್ತದೆ. ಅಮೆರಿಕದಂತಹ ಶೀತಪ್ರದೇಶಗಳಲ್ಲಿ ಇಡೀ ಮನೆಯನ್ನು ಬೆಚ್ಚಗಿಡಲು ಹೊರಗಿನ ಶೆಡ್ಡಿನಲ್ಲಿ ದೊಡ್ಡ ಸೌದೆ ಬಾಯ್ಲರ್ ಇಡುವ ರೂಢಿಯಿದೆ. ಅವುಗಳಲ್ಲಿಯೂ ಹೆಚ್ಚಿನವು ಬಾಯಿ ತೆರೆದ, ಒತ್ತಡರಹಿತ ಪಾತ್ರೆಗಳೇ.

ಇನ್ನು ಸೌದೆಯ ಲೆಕ್ಕ. 100 ಲೀಟರ್ ನೀರಿನ ಶಾಖವನ್ನು 20 ಡಿಗ್ರಿ ಏರಿಸಲು ಬೇಕಾದ ಶಕ್ತಿ ಅರ್ಧ ಕೆ.ಜಿ.ಗೆ ತುಸು ಮಿಕ್ಕ ಒಣ ಸೌದೆಯಲ್ಲಿದೆ. ಉರಿಯ ಹತ್ತರಲ್ಲೊಂದು ಪಾಲು ಮಾತ್ರ ನೀರಿಗೆ ತಲುಪಿದರೆ ಐದೂವರೆ ಕೆ.ಜಿ. ಬೇಕು; ಅರ್ಧ ಪಾಲು ತಲುಪಿದರೆ ಒಂದು ಕೆ.ಜಿ. ಚಿಲ್ಲರೆ ಸಾಕು. ಇವೆರಡರ ನಡುವಿನ ಅಂತರವೇ ತಯಾರಕನ ಕೌಶಲ. ಈ ವಿದ್ಯೆಗೆ ಜಿಲ್ಲೆಯ ನಂಟೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗವು ತನ್ನ ವಿಸ್ತರಣಾ ಕೇಂದ್ರವನ್ನು ಸ್ಥಾಪಿಸಿದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಮುಚ್ಚಿದ ಉರಿಗೂಡು, ಅಡಿಯಲ್ಲಿ ಗಾಳಿಯಾಡುವ ಜಾಲರಿ, ಹೊಗೆಯನ್ನು ಸೆಳೆಯುವ ಚಿಮಣಿ: ಅಸ್ತ್ರ ಒಲೆಯ ಈ ಮೂರು ಅಂಗಗಳೇ ಒಳ್ಳೆಯ ಬಾಯ್ಲರಿಗೂ ಆಧಾರ.

ಎಷ್ಟೇ ಒಳ್ಳೆಯ ಬಾಯ್ಲರಾದರೂ ಹಸಿ ಸೌದೆ ಅದನ್ನು ಕೆಡಿಸುತ್ತದೆ. ಉರಿಯ ಒಂದು ಪಾಲು ಸೌದೆಯೊಳಗಿನ ನೀರನ್ನು ಆರಿಸುವುದರಲ್ಲೇ ಕಳೆದು, ಚಿಮಣಿಯ ಒಳಗೋಡೆಗೆ ಡಾಂಬರಿನಂತಹ ಮಸಿ ಕಟ್ಟುತ್ತದೆ. ಅದು ಒಮ್ಮೆ ಹೊತ್ತಿಕೊಂಡರೆ ಚಿಮಣಿಯೇ ಉರಿದೀತು. ಆದ್ದರಿಂದ ಬೇಸಿಗೆಯಲ್ಲೇ ಸೀಳಿ, ಮಳೆ ತಾಗದಂತೆ ಒಟ್ಟಿದ ಸೌದೆ ಬೇಕು. ಬೂದಿಯನ್ನು ಆಗಾಗ ತೆಗೆಯದಿದ್ದರೆ ಜಾಲರಿ ಮುಚ್ಚಿ ಗಾಳಿ ನಿಲ್ಲುತ್ತದೆ. ತೇವಗೊಂಡ ಬೂದಿ ತಗಡನ್ನೂ ತಿನ್ನುತ್ತದೆ. ಟೈರು, ಪ್ಲಾಸ್ಟಿಕ್ ಉರಿಸುವವರಿಗೆ ಯಾವ ಖಾತರಿಯನ್ನೂ ಕೊಡದಿರುವುದು ಲೇಸು.

ನೀರಿನಿಂದ ಒದಗುವ ತೊಂದರೆಯೂ ಸಣ್ಣದಲ್ಲ. ಕೊಳವೆಬಾವಿಯ ಗಡಸು ನೀರು ಕಾದಂತೆ ಸುಣ್ಣದಂಶ ಪದರವಾಗಿ ಒಳಮೈಗೆ ಅಂಟುತ್ತದೆ. ಶಾಖ ನೀರಿಗೆ ಇಳಿಯದೆ ತಗಡೇ ವಿಪರೀತ ಕಾಯುತ್ತದೆ, ಸೌದೆ ಹೆಚ್ಚು ಬೇಕಾಗುತ್ತದೆ, ಕೊನೆಗೆ ಬೆಸುಗೆ ಬಿಡುತ್ತದೆ. ಆವಿ ಕೊಳವೆಯೊಳಗೂ ಇದೇ ಸುಣ್ಣ ಕಟ್ಟಿ, ಯಾರೂ ಮುಚ್ಚದೆಯೇ ಬಾಯಿ ಮುಚ್ಚಿಹೋಗಬಹುದು. ಹೀಗಾಗಿ ಕೈ ಹಾಕಿ ಉಜ್ಜುವಷ್ಟು ಅಗಲದ ಬಾಗಿಲನ್ನೂ ತಳದಲ್ಲಿ ಕೆಸರು ಹೊರಬಿಡುವ ನಲ್ಲಿಯನ್ನೂ ತಯಾರಿಕೆಯಲ್ಲಿಯೇ ಇಡಬೇಕು. ಸುಣ್ಣ ಬಿಡಿಸಲು ನಿಂಬೆ ಉಪ್ಪಿನ ದ್ರಾವಣ ಸಾಕು. ಶೌಚಾಲಯ ತೊಳೆಯುವ ಆಮ್ಲ ಸುರಿದರೆ ಜಿ.ಐ. ತಗಡಿನ ಸತುವೇ ಕರಗಿಹೋಗುತ್ತದೆ. ತಾಮ್ರದ ಸುರುಳಿಯನ್ನು ನೇರವಾಗಿ ಜಿ.ಐ. ಕೊಳವೆಗೆ ಜೋಡಿಸುವುದೂ ತಪ್ಪು, ಏಕೆಂದರೆ ಎರಡು ಲೋಹಗಳು ಕೂಡಿದೆಡೆ ಜಿ.ಐ. ಬೇಗ ಸವೆಯುತ್ತದೆ.

ತೊಟ್ಟಿ ಬರಿದಾಗಿ ಬಾಯ್ಲರ್ ಒಣಗಿ ಕೆಂಪಾಗಿದ್ದರೆ ಗಾಬರಿಯಿಂದ ತಣ್ಣೀರು ಬಿಡಬಾರದು. ಉರಿಯನ್ನು ಹೊರಗೆಳೆದು, ಪಾತ್ರೆ ತಾನಾಗಿ ಆರುವವರೆಗೆ ದೂರವಿರಬೇಕು. ಈ ಸೂಚನೆಯನ್ನೂ ಆವಿ ಕೊಳವೆಯ ಎಚ್ಚರಿಕೆಯನ್ನೂ ಕನ್ನಡದಲ್ಲಿ ತಗಡಿನ ಮೇಲೆ ಅಚ್ಚೊತ್ತಿ ಬಾಯ್ಲರಿನ ಬಾಗಿಲ ಬಳಿ ಕೂಡಿಸಲು ತಗಲುವ ವೆಚ್ಚ ಅತ್ಯಲ್ಪ. ರಶೀದಿಯ ಹಿಂಬದಿಯಲ್ಲಿ ಮುದ್ರಿಸಿದ್ದನ್ನು ಯಾರೂ ಓದುವುದಿಲ್ಲ.