ಮಾಲ್ಗುಡಿಯ ಸ್ವಾಮಿಯೂ ನಮ್ಮ ಮನೆಯ ಮಕ್ಕಳೂ

ಮಾವಿನಹಣ್ಣಿನ ಲೆಕ್ಕವೊಂದನ್ನು ತಂದೆ ಮಗನ ಮುಂದಿಟ್ಟಿದ್ದಾರೆ. ಹತ್ತು ಹಣ್ಣಿನ ಬೆಲೆ ತಿಳಿದಿದೆ, ನಾಲ್ಕು ಹಣ್ಣಿನ ಬೆಲೆ ಕಂಡುಹಿಡಿಯಬೇಕು. ಹುಡುಗನ ತಲೆಯಲ್ಲಿ ಬೆಲೆಯೂ ಇಲ್ಲ, ಭಾಗಾಕಾರವೂ ಇಲ್ಲ. ಆ ಹಣ್ಣುಗಳು ಮಾಗಿವೆಯೋ ಇಲ್ಲವೋ ಎಂಬ ಚಿಂತೆಯೊಂದೇ ಇದೆ. 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಕಂಡವರು ಆ ಹೊತ್ತಿನ ಹುಡುಗನ ಮುಖವನ್ನು ಮರೆಯಲಾರರು. ತಂದೆಯ ಪಾತ್ರದಲ್ಲಿ ಗಿರೀಶ ಕಾರ್ನಾಡರು. ಮಗ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಕಥೆಯ ಪ್ರಕಾರ ಸ್ವಾಮಿಯ ತಂದೆ ವಕೀಲರು. ಈ ಕಂತನ್ನು ಮನೆಯಲ್ಲಿ ಹಾಕಿದಾಗ ನನ್ನ ಮಕ್ಕಳು ಪರದೆಯನ್ನು ಬಿಟ್ಟು ನನ್ನನ್ನೇ ನೋಡಿ ನಕ್ಕರೆಂಬುದನ್ನು ಹೇಳದಿದ್ದರೆ ವೃತ್ತಿಧರ್ಮಕ್ಕೆ ಲೋಪವಾದೀತು.

ಆರ್. ಕೆ. ನಾರಾಯಣರು 1935ರಲ್ಲಿ ಪ್ರಕಟಿಸಿದ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯನ್ನೂ ಅವರ ಸಣ್ಣಕಥೆಗಳನ್ನೂ ಆಧರಿಸಿ ಶಂಕರನಾಗ್ ಅವರು 1980ರ ದಶಕದಲ್ಲಿ ದೂರದರ್ಶನಕ್ಕಾಗಿ ಈ ಮಾಲಿಕೆಯನ್ನು ನಿರ್ದೇಶಿಸಿದರು. ನಿರ್ಮಾಪಕರು ಟಿ. ಎಸ್. ನರಸಿಂಹನ್. ಎಸ್. ರಾಮಚಂದ್ರರ ಛಾಯಾಗ್ರಹಣ, ಎಲ್. ವೈದ್ಯನಾಥನ್ ಅವರ ಸಂಗೀತ, ಜಾನ್ ದೇವರಾಜರ ಕಲಾ ನಿರ್ದೇಶನ, ಲೇಖಕರ ತಮ್ಮನಾದ ಆರ್. ಕೆ. ಲಕ್ಷ್ಮಣರ ರೇಖೆಗಳು ಇವೆಲ್ಲವೂ ಕೂಡಿಬಂದದ್ದು ಪುಣ್ಯವೆಂದೇ ಹೇಳಬೇಕು. ವೈಶಾಲಿ ಕಾಸರವಳ್ಳಿಯವರು ಸ್ವಾಮಿಯ ತಾಯಿಯಾದರು. ಅನಂತನಾಗ್, ವಿಷ್ಣುವರ್ಧನರಂಥ ಹೆಸರಾಂತ ನಟರು ಬೇರೆ ಬೇರೆ ಕಥೆಗಳಲ್ಲಿ ಬಂದುಹೋದರು. ಆದರೂ ಮಾಲ್ಗುಡಿಯೆಂದಾಕ್ಷಣ ಜನರ ನೆನಪಿಗೆ ಬರುವವನು ಟೊಪ್ಪಿಗೆ ಧರಿಸಿ, ಪುಸ್ತಕ ಹಿಡಿದು, ಶಾಲೆಗೆ ಹೋಗಲು ಕಾಲೆಳೆಯುವ ಆ ಹುಡುಗನೇ.

ಇಂದು ಮಧ್ಯವಯಸ್ಸಿನ ಗೃಹಸ್ಥರಾಗಿರುವ ಮಂಜುನಾಥರು ಆ ದಿನಗಳ ಬಗ್ಗೆ ಹಲವು ಬಾರಿ ಮಾತನಾಡಿದ್ದಾರೆ. ಅವರ ಮಾತುಗಳಲ್ಲಿ ಮತ್ತೆ ಮತ್ತೆ ಮೇಲೇಳುವ ಸಂಗತಿಗಳು ಎರಡು. ಒಂದು ಆಗುಂಬೆ, ಇನ್ನೊಂದು ಶಂಕರನಾಗ್. ತೀರ್ಥಹಳ್ಳಿ ತಾಲೂಕಿನ ಆ ಘಟ್ಟದ ಮೇಲಣ ಪುಟ್ಟ ಊರೇ ಮಾಲ್ಗುಡಿಯಾಯಿತು. ಅಲ್ಲಿಯ ಪುರಾತನವಾದ 'ದೊಡ್ಡಮನೆ' ಸ್ವಾಮಿಯ ಮನೆಯಾಯಿತು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನ ಹಂಚಿನ ಮಾಡು, ಮರದ ಕಂಬ, ಅಂಗಳದ ಪಾಚಿ ಇವುಗಳಿಗೆ ಬಣ್ಣ ಬಳಿಯುವ ಅಗತ್ಯವಿರಲಿಲ್ಲ. ನಮ್ಮ ಕಡೆಯ ಮಕ್ಕಳಿಗೆ ಆ ಮನೆ ಪರಕೀಯವೆನಿಸದಿರುವುದಕ್ಕೆ ಇದೇ ಕಾರಣವಿರಬೇಕು. ಅಡೂರು, ಬದಿಯಡ್ಕದ ಕಡೆಯ ಹಳೆಯ ತರವಾಡು ಮನೆಗಳನ್ನು ನೋಡಿದವರಿಗೆ ಆ ಜಗಲಿಯ ಪರಿಚಯ ಮೊದಲೇ ಆಗಿರುತ್ತದೆ.

ಆಗುಂಬೆಯ ದಿನಗಳು ಮಂಜುನಾಥರ ಸ್ಮೃತಿಯಲ್ಲಿ ಉಳಿದಿರುವುದು ದುಡಿಮೆಯಾಗಿ ಅಲ್ಲ, ಸಂತೋಷದ ರಜೆಯಾಗಿ. ಅದರ ಶ್ರೇಯಸ್ಸನ್ನೆಲ್ಲ ಅವರು ಸಲ್ಲಿಸುವುದು ನಿರ್ದೇಶಕರಿಗೆ. ಹುಡುಗನನ್ನು ಹುಡುಗನಾಗಿರಲು ಬಿಟ್ಟದ್ದೇ ಶಂಕರನಾಗರ ವಿದ್ಯೆ. ಬಾಯಿಪಾಠ ಒಪ್ಪಿಸಿ ಕ್ಯಾಮೆರಾದ ಕಡೆ ಕಣ್ಣು ಹಾಯಿಸುವ ಬಾಲನಟರನ್ನು ನಾವೆಲ್ಲ ಕಂಡಿದ್ದೇವೆ. ಸ್ವಾಮಿ ಹಾಗೆ ಮಾಡುವುದಿಲ್ಲ. ಅವನು ಯೋಚಿಸುತ್ತಾನೆ, ತಡವರಿಸುತ್ತಾನೆ, ಸುಳ್ಳು ಹೇಳುವ ಮೊದಲು ಒಂದು ಕ್ಷಣ ಸುಮ್ಮನಿರುತ್ತಾನೆ. ಅವಸರದ ಚಿತ್ರೀಕರಣದಲ್ಲಿ ಅಂಥ ಮೌನ ಸಿಕ್ಕುವುದಿಲ್ಲ. ಮಗುವಿಗೆ ಹೊತ್ತು ಕೊಟ್ಟಲ್ಲಿ ಮಾತ್ರ ಸಿಕ್ಕುತ್ತದೆ. ಮೊದಲ ಹದಿಮೂರು ಕಂತುಗಳು ಹಿಂದಿ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಸಿದ್ಧವಾದವೆಂಬುದನ್ನು ನೆನೆದರೆ ಆ ಸಹಜತೆಯ ಬೆಲೆ ಇನ್ನಷ್ಟು ತಿಳಿಯುತ್ತದೆ. ಕನ್ನಡದ ಹುಡುಗನೊಬ್ಬ ಕನ್ನಡದ ಊರಿನಲ್ಲಿ ನಿಂತು ಬೇರೆ ಭಾಷೆಗಳಲ್ಲಿ ಇಡೀ ದೇಶದ ಮನೆಮಗನಾದನು. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು, ಕಚೇರಿಯಲ್ಲಿ ಮತ್ತೊಂದು ಭಾಷೆಯನ್ನಾಡಿ ಬೆಳೆಯುವ ನಮ್ಮ ಮಕ್ಕಳಿಗೆ ಇದು ಅಚ್ಚರಿಯ ಸಂಗತಿಯೇನೂ ಅಲ್ಲ.

ರಾಜಮ್ ಊರು ಬಿಟ್ಟು ಹೋಗುವ ದೃಶ್ಯವಂತೂ ಒಂದು ತಲೆಮಾರಿನ ಕಣ್ಣೀರನ್ನು ಕಂಡಿದೆ. ಮುನಿಸಿಕೊಂಡ ಗೆಳೆಯನಿಗೆ ಕೊಡಲೆಂದು ಪುಸ್ತಕವೊಂದನ್ನು ಹಿಡಿದು ರೈಲು ನಿಲ್ದಾಣಕ್ಕೆ ಬಂದ ಸ್ವಾಮಿಗೆ ಮಾತೇ ಹೊರಡುವುದಿಲ್ಲ. ಅಷ್ಟರಲ್ಲಿ ಗಾಡಿ ಚಲಿಸತೊಡಗುತ್ತದೆ. ಮಾಲ್ಗುಡಿಯ ನಿಲ್ದಾಣವಾದದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು. ಅಲ್ಲಿಯ ಹಳೆಯ ಕಟ್ಟಡವನ್ನು ರೈಲ್ವೆ ಇಲಾಖೆ ದುರಸ್ತಿಪಡಿಸಿ 2020ರಲ್ಲಿ 'ಮಾಲ್ಗುಡಿ ಮ್ಯೂಸಿಯಂ' ಆಗಿ ತೆರೆದಿದೆ. ಆ ಕೆಲಸದಲ್ಲಿಯೂ ಜಾನ್ ದೇವರಾಜರ ಕೈಯಿತ್ತು. ಮಕ್ಕಳೊಡನೆ ಜೋಗಕ್ಕೆ ಹೋಗುವವರು ಅಲ್ಲಿ ಅರ್ಧ ಗಂಟೆ ನಿಂತು ಹೋಗಬಹುದು.

ಮಂಜುನಾಥರು ಹೆಮ್ಮೆಯಿಂದ ನೆನೆಯುವ ಇನ್ನೊಂದು ಪ್ರಸಂಗವಿದೆ. ತಾನು ಕಲ್ಪಿಸಿಕೊಂಡಿದ್ದ ಸ್ವಾಮಿ ಹೀಗೆಯೇ ಇದ್ದನೆಂಬ ಅರ್ಥದ ಮಾತನ್ನು ಸ್ವತಃ ನಾರಾಯಣರೇ ಆ ಬಾಲಕನಿಗೆ ಹೇಳಿದರಂತೆ. ಇದರ ತೂಕವನ್ನು ಅರಿಯಬೇಕಾದರೆ ಹಿಂದಿನ ಕಥೆ ತಿಳಿದಿರಬೇಕು. ನಾರಾಯಣರ 'ಗೈಡ್' ಕಾದಂಬರಿ 1965ರಲ್ಲಿ ಅದ್ದೂರಿಯ ಹಿಂದಿ ಚಿತ್ರವಾದಾಗ ಮಾಲ್ಗುಡಿ ರಾಜಸ್ಥಾನಕ್ಕೆ ಸ್ಥಳಾಂತರಗೊಂಡಿತ್ತು. ಮೈಸೂರಿನ ಸುತ್ತಮುತ್ತ ತಾನು ತೋರಿಸಿದ ಸ್ಥಳಗಳೆಲ್ಲ ವ್ಯರ್ಥವಾದುದನ್ನು ಅವರು ಕಹಿನಗೆಯೊಡನೆ ದೀರ್ಘವಾಗಿ ಬರೆದಿದ್ದಾರೆ. ಅಂಥ ಲೇಖಕರು ಹತ್ತರ ಆಸುಪಾಸಿನ ಹುಡುಗನೊಬ್ಬನಿಗೆ ಕೊಟ್ಟ ಮಾತು ಯಾವ ಪ್ರಶಸ್ತಿ ಫಲಕಕ್ಕೂ ಕಡಿಮೆಯಲ್ಲ.

ಅನಂತರದ ಕಥೆಯನ್ನು ಬೇಗ ಹೇಳಿಬಿಡಬಹುದು. 1990ರ 'ಅಗ್ನಿಪಥ್' ಚಿತ್ರದಲ್ಲಿ ಅಮಿತಾಭ್ ಬಚ್ಚನ್ನರ ಪಾತ್ರದ ಬಾಲ್ಯವನ್ನು ಮಂಜುನಾಥರು ಅಭಿನಯಿಸಿದರು. 1992ರಲ್ಲಿ ಕೆ. ವಿಶ್ವನಾಥರ ತೆಲುಗು ಚಿತ್ರ 'ಸ್ವಾತಿ ಕಿರಣಂ' ಬಂತು. ಶಿಷ್ಯನ ಪ್ರತಿಭೆಗೆ ಅಸೂಯೆಪಡುವ ಸಂಗೀತ ಗುರುವಾಗಿ ನಮ್ಮ ಕೇರಳದ ಮಮ್ಮೂಟ್ಟಿ, ಶಿಷ್ಯನಾಗಿ ಮಂಜುನಾಥ್. ಈ ಎರಡು ಚಿತ್ರಗಳ ನಡುವಿನ ಅವಧಿಯಲ್ಲಿ, 1990ರ ಸೆಪ್ಟೆಂಬರ್ 30ರಂದು, ದಾವಣಗೆರೆಯ ಬಳಿಯ ಆನಗೋಡಿನಲ್ಲಿ ನಡೆದ ಅಪಘಾತದಲ್ಲಿ ಶಂಕರನಾಗ್ ತೀರಿಕೊಂಡಿದ್ದರು. ಅವರಿಗೆ ಆಗ ಮೂವತ್ತೈದು ವರ್ಷ. ಅವರ ಸ್ವಾಮಿಗೆ ಹದಿಮೂರು. ಹತ್ತೊಂಬತ್ತನೆಯ ವಯಸ್ಸಿಗೆ ಮಂಜುನಾಥರು ನಟನೆಯನ್ನೇ ಬಿಟ್ಟು ಓದು ಮತ್ತು ಬೇರೆ ಉದ್ಯೋಗಗಳತ್ತ ನಡೆದರು. ಬಿಟ್ಟುಬಂದ ಕ್ಷೇತ್ರದ ಬಗ್ಗೆ ಕಹಿಯಿಲ್ಲದೆ ಮಾತನಾಡುವ ಬಾಲನಟರು ಎಷ್ಟು ಮಂದಿ? ಬಾಲ್ಯದಲ್ಲಿ ದುಡಿದವರು ದೊಡ್ಡವರಾದ ಮೇಲೆ ಆಡುವ ಮಾತು ಆ ದುಡಿಮೆಯ ಬಗೆಗಿನ ಅತ್ಯಂತ ನಂಬಲರ್ಹ ಸಾಕ್ಷ್ಯ. ಆಗುಂಬೆಯ ಪರವಾಗಿ ಆ ಸಾಕ್ಷ್ಯ ಗಟ್ಟಿಯಾಗಿದೆ.

ಇದನ್ನು ಈಗ ಪ್ರಸ್ತಾಪಿಸಲು ಕಾರಣವಿದೆ. ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು' ಚಿತ್ರ 2018ರಲ್ಲಿ ತೆರೆಕಂಡು ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆದ ಮೇಲೆ ನಮ್ಮ ಕನ್ನಡ ಶಾಲೆಗಳ ಮಕ್ಕಳಿಗೆ ಕ್ಯಾಮೆರಾ ದೂರದ ಕನಸಾಗಿ ಉಳಿದಿಲ್ಲ. ಕಲೋತ್ಸವದಲ್ಲಿ ಯಕ್ಷಗಾನ ಕುಣಿದ, ನಾಟಕದಲ್ಲಿ ಸೈ ಎನಿಸಿಕೊಂಡ ಮಕ್ಕಳ ಹೆತ್ತವರ ಮೊಬೈಲಿಗೆ ಆಡಿಷನ್ನಿನ ಕರೆಗಳು ಬರುತ್ತಿವೆ. ಸಂತೋಷವೇ. ಆದರೆ ಎಲ್ಲ ನಿರ್ದೇಶಕರೂ ಶಂಕರನಾಗ್ ಆಗಿರುವುದಿಲ್ಲ.

ಮಾಲ್ಗುಡಿಯ ಕಾಲದಲ್ಲಿ, 1986ರಲ್ಲಿ, ಬಾಲಕಾರ್ಮಿಕ ಕಾಯಿದೆ ಬಂದಿತಾದರೂ ಅದು ಬಾಲನಟರ ಗೊಡವೆಗೆ ಹೋಗಿರಲಿಲ್ಲ. ಮಗುವಿನ ಹಿತ ನಿರ್ದೇಶಕರ ಮನೋಧರ್ಮಕ್ಕೆ ಬಿಟ್ಟ ವಿಷಯವಾಗಿತ್ತು. ಈಗ ಹಾಗಿಲ್ಲ. 2016ರ ತಿದ್ದುಪಡಿಯು ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ನಿಷೇಧಿಸಿ, ಸಿನಿಮಾ, ಧಾರಾವಾಹಿ, ಜಾಹೀರಾತುಗಳಲ್ಲಿ ಕಲಾವಿದರಾಗಿ ಭಾಗವಹಿಸುವುದಕ್ಕೆ ಷರತ್ತಿನ ವಿನಾಯಿತಿಯನ್ನು ಕೊಟ್ಟಿತು. ಶಾಲೆಯ ಓದಿಗೆ ಧಕ್ಕೆಯಾಗಕೂಡದೆಂಬುದು ಕಾಯಿದೆಯ ಒಡಲಲ್ಲಿಯೇ ಇದೆ. 2017ರ ನಿಯಮಗಳು ಅದನ್ನು ವಿವರಿಸಿವೆ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಮಗುವನ್ನು ದುಡಿಸುವಂತಿಲ್ಲ. ಅದರಲ್ಲಿಯೂ ವಿಶ್ರಾಂತಿಯಿಲ್ಲದೆ ಮೂರು ಗಂಟೆ ಮೀರಬಾರದು. ಸತತ ಇಪ್ಪತ್ತೇಳು ದಿನಗಳ ಮೇಲೆ ಕೆಲಸವಿಲ್ಲ. ಐದು ಮಕ್ಕಳಿಗೆ ಒಬ್ಬರಂತೆ ಹೊಣೆಗಾರ ವ್ಯಕ್ತಿಯನ್ನು ನಿರ್ಮಾಪಕರು ನೇಮಿಸಬೇಕು, ತಪ್ಪಿಹೋಗುವ ಪಾಠಕ್ಕೆ ವ್ಯವಸ್ಥೆ ಮಾಡಬೇಕು. ಮಗುವಿನ ಸಂಪಾದನೆಯಲ್ಲಿ ಕನಿಷ್ಠ ಶೇಕಡಾ 20ರಷ್ಟು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ನಿಶ್ಚಿತ ಠೇವಣಿಗೆ ನೇರವಾಗಿ ಸೇರಬೇಕು. ಹೆತ್ತವರಿಗೆ ಹೆಚ್ಚಾಗಿ ತಿಳಿಯದಿರುವುದು ಈ ಠೇವಣಿಯ ವಿಷಯವೇ. ತಿಳಿದ ಮೇಲೆ ಮುಖ ಸಪ್ಪೆ ಮಾಡಿಕೊಂಡವರನ್ನೂ ಕಂಡಿದ್ದೇನೆ.

ಗಡಿಯವರಾದ ನಮಗೆ ಇನ್ನೊಂದು ತೊಡಕಿದೆ. ಮಗುವನ್ನು ತೊಡಗಿಸಿಕೊಳ್ಳುವ ಮೊದಲು ನಿರ್ಮಾಪಕರು ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಪಡೆಯಬೇಕು. ಯಾವ ಜಿಲ್ಲೆಯ ದಂಡಾಧಿಕಾರಿ? ಮಗುವಿನ ಮನೆ ಇರುವ ಜಿಲ್ಲೆಯವರಲ್ಲ, ಚಿತ್ರೀಕರಣ ನಡೆಯುವ ಜಿಲ್ಲೆಯವರು. ಉಪ್ಪಳದ ಮಗು ಮಂಗಳೂರಿನಲ್ಲಿ ನಟಿಸುವುದಾದರೆ ವಿದ್ಯಾನಗರದ ಕಲೆಕ್ಟರೇಟಿನ ಮೊಹರು ಪ್ರಯೋಜನಕ್ಕೆ ಬಾರದು; ದಕ್ಷಿಣ ಕನ್ನಡದ ಜಿಲ್ಲಾಧಿಕಾರಿಗಳ ಆದೇಶ ಬೇಕು. ಅರ್ಜಿಯೊಡನೆ ಮಕ್ಕಳ ಪಟ್ಟಿ, ಹೆತ್ತವರ ಒಪ್ಪಿಗೆ, ಹೊಣೆಗಾರರ ಹೆಸರು ಇರಬೇಕು. ಆದೇಶದ ಪ್ರತಿಯನ್ನು ಕೇಳಿ ಪಡೆಯುವುದು ಹೆತ್ತವರ ಹಕ್ಕೆಂದೇ ತಿಳಿಯಿರಿ. ಅದನ್ನು ಕೇಳಿದೊಡನೆ ಅವಕಾಶ ಕೈತಪ್ಪಿತೆಂದಾದರೆ, ಅಂಥ ಅವಕಾಶ ತಪ್ಪಿದ್ದೇ ಒಳಿತು.

ಕಳೆದ ವರ್ಷ ತಾಯಿಯೊಬ್ಬರು ಆರನೆಯ ತರಗತಿಯ ಮಗಳೊಡನೆ ನನ್ನ ಕಚೇರಿಗೆ ಬಂದರು. ಕೈಯಲ್ಲಿ ಇಂಗ್ಲಿಷಿನ ಎರಡು ಪುಟಗಳ ಕರಾರು. ದಿನಾಂಕಗಳಿದ್ದವು, ಹಣದ ಮೊತ್ತವಿತ್ತು, ಚಿತ್ರದ ಹಕ್ಕುಗಳೆಲ್ಲ ನಿರ್ಮಾಪಕರದೆಂಬ ದೀರ್ಘ ವಾಕ್ಯವಿತ್ತು. ಶಾಲೆ ಎಂಬ ಶಬ್ದ ಎಲ್ಲಿಯೂ ಇರಲಿಲ್ಲ. ಬಿಟ್ಟುಹೋದ ಅಂಶಗಳನ್ನು ಬರೆದುಕೊಡುತ್ತಿದ್ದಾಗ ನಿಯಮದ ಕೊನೆಯ ಮಾತು ನೆನಪಾಯಿತು. ಮಗುವಿನ ಇಚ್ಛೆಗೂ ಒಪ್ಪಿಗೆಗೂ ವಿರುದ್ಧವಾಗಿ ಯಾವ ಮಗುವನ್ನೂ ತೊಡಗಿಸಕೂಡದು. ಅದುವರೆಗೆ ನಾವಿಬ್ಬರೂ ಹುಡುಗಿಯನ್ನು ಮಾತನಾಡಿಸಿಯೇ ಇರಲಿಲ್ಲ.

"ಮಗಳೇ, ನಿಂಗೆ ಹೋಗ್ಲಿಕ್ಕೆ ಮನಸ್ಸುಂಟಾ?" ಎಂದು ಕೇಳಿದೆ.

"ಮನಸ್ಸುಂಟು ಮಾಮ. ಆದ್ರೆ ಆ ದಿನ ಕಲೋತ್ಸವದಲ್ಲಿ ನಮ್ಮ ಯಕ್ಷಗಾನ ಉಂಟು. ಬಭ್ರುವಾಹನ ನಾನೇ."

ತಾಯಿ ಅವಳ ಮುಖವನ್ನೊಮ್ಮೆ ನೋಡಿ, ದಿನಾಂಕ ಬದಲಿಸಬಹುದೇ ಎಂದು ವಿಚಾರಿಸುವ ಸಾಲೊಂದನ್ನು ಪತ್ರಕ್ಕೆ ಸೇರಿಸಲು ಹೇಳಿದರು. ನಾಲ್ಕು ದಿನಗಳಲ್ಲಿ ಉತ್ತರ ಬಂತು. ಅವಳ ಭಾಗದ ಚಿತ್ರೀಕರಣವನ್ನು ಮುಂದಿನ ವಾರಕ್ಕೆ ಹಾಕಿದ್ದರು.